ಹಾಸನದ ಹೃದಯಾಘಾತಗಳು: ಕಾರಣಕ್ಕೆ ಮುಂಚೆ ಲೆಕ್ಕ ಬೇಕು

ಪ್ರಶ್ನೆ: ನಾನು ಬೇಲೂರು ತಾಲ್ಲೂಕಿನವನು, ವಯಸ್ಸು 38. ನಮ್ಮ ಹಳೆಯ ಕಾಲೇಜು ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ 2025ರ ಜೂನ್‌ನಿಂದ ಒಂದೇ ವಾದ ನಡೆಯುತ್ತಿದೆ. ಹಾಸನ ಜಿಲ್ಲೆಯಲ್ಲಿ ಹರೆಯದವರು ಹೃದಯಾಘಾತದಿಂದ ಸತ್ತಿರುವುದಕ್ಕೆ ಕೋವಿಡ್ ಲಸಿಕೆಯೇ ಕಾರಣ ಎಂದು ಅರ್ಧ ಜನ ಹೇಳಿದರೆ, ಜಿಮ್ಮು, ಮೊಬೈಲ್ ಟವರ್, ಔಷಧಿ ಹೊಡೆದ ತರಕಾರಿ ಎಂದು ಉಳಿದವರು ಹೇಳುತ್ತಾರೆ. ಎಲ್ಲಾದರೂ ಒಂದು ಸಾವಿನ ಸುದ್ದಿ ಬಂದರೆ ವಾದ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಾನು ಎರಡು ಡೋಸ್ ಹಾಕಿಸಿಕೊಂಡವನು. ಒಮ್ಮೆ ಆಂಜಿಯೋಗ್ರಾಂ ಮಾಡಿಸಿಬಿಡಿ ಎಂದು ಮನೆಯವರ ಒತ್ತಾಯ. ಸಂಜೆ ವಾಲಿಬಾಲ್ ಆಡುವುದನ್ನು ನಿಲ್ಲಿಸಬೇಕೇ? ನನ್ನ ತಂದೆಗೆ 66 ವರ್ಷ. ಬಿ.ಪಿ. ಮಾತ್ರೆಯಿಂದಲೇ ಹೃದಯ ಹಾಳಾಗುತ್ತದೆ ಎಂಬ ಸಂದೇಶ ಓದಿ ಅವರು ಮಾತ್ರೆ ಬಿಟ್ಟಿದ್ದಾರೆ. ಇದರಲ್ಲಿ ನಿಜ ಎಷ್ಟು, ನಾವು ಮಾಡಬೇಕಾದದ್ದು ಏನು?

ಉತ್ತರ: ನಿಮ್ಮ ಗುಂಪಿನ ವಾದದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ತೊಡರಿಕೊಂಡಿವೆ. ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಹಿಂದಿಗಿಂತ ಹೆಚ್ಚಾಗಿವೆಯೇ ಎಂಬುದು ಮೊದಲನೆಯದು. ಹೆಚ್ಚಾಗಿದ್ದರೆ ಅದಕ್ಕೆ ಕಾರಣವೇನು ಎಂಬುದು ಎರಡನೆಯದು. ಮೊದಲನೆಯದಕ್ಕೆ ಯಾರೂ ಉತ್ತರ ಹುಡುಕದೆ, ಹೌದೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು, ಎಲ್ಲರೂ ಎರಡನೆಯದಕ್ಕೆ ಹಾರಿದ್ದಾರೆ. ಹಾಗಾಗಿ ವಾದ ಮುಗಿಯುವ ಲಕ್ಷಣವಿಲ್ಲ. ಈ ಜಿಲ್ಲೆಯಲ್ಲಿ ರೋಗಿಗಳನ್ನು ನೋಡುವ ವೈದ್ಯನಾಗಿ ನನಗೆ ನೋವಾಗುವ ಸಂಗತಿಯೆಂದರೆ, ಈ ಚರ್ಚೆಯ ಗದ್ದಲದಲ್ಲಿ ನಮ್ಮ ಜನರನ್ನು ನಿಜವಾಗಿ ಕೊಲ್ಲುತ್ತಿರುವ ಸಂಗತಿಗಳು ಮಾತಿಗೇ ಬರುತ್ತಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರ ಜನರಿಗೆ ಸುಮಾರು ಆರು ಸಾವುಗಳು ಸಂಭವಿಸುತ್ತವೆ ಎಂದು ಇಟ್ಟುಕೊಂಡರೆ, ಎಲ್ಲ ಕಾರಣಗಳೂ ಸೇರಿ ಈ ಜಿಲ್ಲೆಯಲ್ಲಿ ವರ್ಷಕ್ಕೆ 10,000ಕ್ಕೂ ಹೆಚ್ಚು ಜನ ತೀರಿಕೊಳ್ಳುತ್ತಾರೆ. ಭಾರತದಲ್ಲಿ ಸಂಭವಿಸುವ ಸಾವುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವು ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಆಗುತ್ತವೆ. ಪಾರ್ಶ್ವವಾಯುವೂ ಇದರಲ್ಲಿ ಸೇರಿದೆ. ಈ ಪ್ರಮಾಣವನ್ನು ನಮ್ಮ ಜಿಲ್ಲೆಗೆ ಅನ್ವಯಿಸಿದರೆ ದಿನಕ್ಕೆ ಆರೇಳು ಸಾವು, ನಲವತ್ತು ದಿನಗಳಿಗೆ ಇನ್ನೂರೈವತ್ತಕ್ಕೂ ಹೆಚ್ಚು ಸಾವುಗಳಾಗುತ್ತವೆ. ಇದು ಅಂದಾಜು ಲೆಕ್ಕ, ಆದರೆ ಸುದ್ದಿಯನ್ನು ಅಳೆಯಲು ಸಾಕಾಗುವಷ್ಟು ಗಟ್ಟಿಯಾದ ಅಂದಾಜು. 2025ರ ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಪತ್ರಿಕೆ, ಟಿ.ವಿ.ಗಳು ದಿನವೂ ಎಣಿಸುತ್ತಾ ಬಂದದ್ದು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವುಗಳನ್ನು. ಅಂದರೆ ಆ ಅವಧಿಯಲ್ಲಿ ಜಿಲ್ಲೆಯಲ್ಲಿ ಸಂಭವಿಸಿರಬಹುದಾದ ಹೃದಯ, ರಕ್ತನಾಳ ಸಂಬಂಧಿ ಸಾವುಗಳಲ್ಲಿ ಹತ್ತರಲ್ಲಿ ಒಂದರಷ್ಟು ಮಾತ್ರ ಸುದ್ದಿಯಾದವು. ಉಳಿದವು ಎಂದಿನಂತೆ ಮನೆಗಳಲ್ಲಿ ಅಥವಾ ವಾರ್ಡುಗಳಲ್ಲಿ ಸಂಭವಿಸಿ, ಊರಿನ ಗಡಿ ದಾಟದೆ ಉಳಿದವು.

ಸುದ್ದಿಯಾದವರಲ್ಲಿ ಹಲವರು ಇಪ್ಪತ್ತು, ಮೂವತ್ತು, ನಲವತ್ತರ ವಯಸ್ಸಿನವರು, ಅದೇ ಆತಂಕದ ವಿಷಯವಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಹೌದು. ಆದರೆ ಹೃದಯ ಕಾಯಿಲೆಯಿಂದ ಸಾಯುವವರಲ್ಲಿ ಹತ್ತರಲ್ಲಿ ಒಬ್ಬರು ಮಾತ್ರ 45ಕ್ಕಿಂತ ಕಿರಿಯರು ಎಂದು ಇಟ್ಟುಕೊಂಡರೂ ಮೇಲಿನ ಲೆಕ್ಕದಂತೆ ನಲವತ್ತು ದಿನಗಳಿಗೆ ಇಪ್ಪತ್ತೈದರ ಹತ್ತಿರ ಬರುತ್ತದೆ. ಈ ಸಾವುಗಳು 2024ರಲ್ಲೂ ಆಗಿರಬೇಕು, 2019ರಲ್ಲೂ ಆಗಿರಬೇಕು; ಆಗ ಅವುಗಳನ್ನು ಸಾಲಾಗಿ ಜೋಡಿಸಿ ಎಣಿಸಿದವರು ಇರಲಿಲ್ಲ. ಹಾಗೆಂದು ಏನೂ ಆಗಿಲ್ಲ ಎಂದು ಕೈತೊಳೆದುಕೊಳ್ಳುವ ವಾದ ನನ್ನದಲ್ಲ. ನಲವತ್ತೈದರ ಒಳಗೆ ಇಷ್ಟು ಜನ ಪ್ರತಿವರ್ಷವೂ ಸಾಯುತ್ತಿದ್ದರೆ, ಅದು ಒಂದು ತಿಂಗಳಲ್ಲಿ ದಿಢೀರನೆ ಬಂದ ವಿಪತ್ತಿಗಿಂತಲೂ ದೊಡ್ಡ ವಿಪತ್ತು.

ಹೋದ ವರ್ಷದ ಅಂಕಿಅಂಶದೊಂದಿಗೆ ಹೋಲಿಸಿ ನೋಡಬಹುದಲ್ಲ ಎಂದರೆ, ಹೋಲಿಸಲು ನಂಬುವಂತಹ ಅಂಕಿಅಂಶವೇ ನಮ್ಮಲ್ಲಿಲ್ಲ. ಭಾರತದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸುವುದು ಸುಮಾರು ಐದರಲ್ಲಿ ಒಂದಕ್ಕೆ ಮಾತ್ರ. ಮನೆಯಲ್ಲಿ ತೀರಿಕೊಂಡವರ ಸಾವಿನ ಕಾರಣವನ್ನು ಮನೆಯವರು ಹೇಳಿದಂತೆ ಬರೆದುಕೊಳ್ಳಲಾಗುತ್ತದೆ. ರಾತ್ರಿ ಮಲಗಿದವರು ಬೆಳಿಗ್ಗೆ ಏಳದಿದ್ದರೆ ನಾವೆಲ್ಲ ‘ಹಾರ್ಟ್ ಅಟ್ಯಾಕ್’ ಎಂದುಬಿಡುತ್ತೇವೆ. ಅದು ಮೆದುಳಿನ ರಕ್ತಸ್ರಾವ ಇರಬಹುದು, ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪು ಇರಬಹುದು, ಸಕ್ಕರೆ ಅಂಶ ವಿಪರೀತ ಕುಸಿದಿರಬಹುದು, ವಿಷ ಸೇವನೆಯೂ ಇರಬಹುದು. ಶ್ರೀ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಹಾಸನದ ಪ್ರಕರಣಗಳನ್ನು ಪರಿಶೀಲಿಸಿದಾಗ, ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೆ ಹೃದಯದೊಂದಿಗೆ ಸಂಬಂಧವೇ ಇರಲಿಲ್ಲವೆಂದು ತಿಳಿದುಬಂತು. ಹೃದಯದ ಸಾವೆಂದು ಖಚಿತವಾಗಿ ಹೇಳಲು ಬೇಕಾದ ದಾಖಲೆಗಳು ಎಲ್ಲ ಪ್ರಕರಣಗಳಲ್ಲೂ ಇರಲಿಲ್ಲ. ಲಸಿಕೆಗೂ ಈ ಸಾವುಗಳಿಗೂ ನೇರ ಸಂಬಂಧ ಕಂಡುಬಂದಿಲ್ಲ ಎಂದ ಸಮಿತಿ, ರಕ್ತದೊತ್ತಡ, ಮಧುಮೇಹ, ಧೂಮಪಾನ, ಕೊಲೆಸ್ಟ್ರಾಲ್ ಇವುಗಳತ್ತ ಬೊಟ್ಟು ಮಾಡಿತು. ಆ ನಂತರ ಆಸ್ಪತ್ರೆಯ ಹೊರಗೆ ಸಂಭವಿಸುವ ದಿಢೀರ್ ಸಾವುಗಳನ್ನು ಸರ್ಕಾರಕ್ಕೆ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಸಬೇಕು ಎಂಬ ತೀರ್ಮಾನವನ್ನೂ ಪ್ರಕಟಿಸಲಾಯಿತು. ಇಡೀ ಪ್ರಸಂಗದಿಂದ ಬಂದ ಅತ್ಯಂತ ಉಪಯುಕ್ತ ತೀರ್ಮಾನ ಇದೇ ಎಂದು ನಾನು ಭಾವಿಸುತ್ತೇನೆ.

ಇನ್ನು ಲಸಿಕೆಯ ವಿಚಾರ. 2025ರ ಜುಲೈ 1ರಂದು ಮುಖ್ಯಮಂತ್ರಿಗಳೇ ಲಸಿಕೆಯ ಅವಸರದ ಅನುಮೋದನೆಯ ಬಗ್ಗೆ ಸಂದೇಹ ವ್ಯಕ್ತಪಡಿಸಿದ್ದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಸಂಬಂಧವನ್ನು ಅಲ್ಲಗಳೆಯಿತು. ಹೀಗೆ ವಿಷಯ ರಾಜಕೀಯದ ಬಣ್ಣ ಪಡೆದದ್ದರಿಂದ, ನಿಮ್ಮ ಗುಂಪಿನಲ್ಲಿ ಯಾರು ಏನು ಹೇಳುತ್ತಾರೆ ಎಂಬುದು ಅವರು ಯಾವ ಪಕ್ಷದ ಕಡೆಗಿದ್ದಾರೆ ಎಂಬುದನ್ನು ಅವಲಂಬಿಸಿರಬಹುದು. ಅದನ್ನು ಬದಿಗಿಟ್ಟು ನೋಡೋಣ.

‘ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡವರೇ’ ಎಂಬ ಮಾತು ನಿಮ್ಮ ಗುಂಪಿನಲ್ಲಿ ಬಂದೇ ಬಂದಿರುತ್ತದೆ. ಮಾತು ಬಹುಮಟ್ಟಿಗೆ ಸತ್ಯ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ನಮ್ಮ ಜಿಲ್ಲೆಯ ವಯಸ್ಕರಲ್ಲಿ ಬಹುತೇಕ ಎಲ್ಲರೂ ಲಸಿಕೆ ಪಡೆದವರು. ಸತ್ತವರಲ್ಲಿ ಹೆಚ್ಚಿನವರು ರಾಗಿ ಮುದ್ದೆ ಉಂಡವರೂ ಆಗಿರುತ್ತಾರೆ, ಬದುಕಿರುವವರೂ ಉಂಡವರೇ. ಲಸಿಕೆಯನ್ನು ದೂಷಿಸಬೇಕಾದರೆ, ವಯಸ್ಸು, ಲಿಂಗ, ವಾಸಸ್ಥಳ ಒಂದೇ ಇರುವ ಜನರಲ್ಲಿ ದಿಢೀರನೆ ಸತ್ತವರನ್ನೂ ಬದುಕಿರುವವರನ್ನೂ ಪಕ್ಕಪಕ್ಕದಲ್ಲಿಟ್ಟು, ಸತ್ತವರಲ್ಲಿ ಲಸಿಕೆ ಪಡೆದವರ ಪ್ರಮಾಣ ಹೆಚ್ಚಿದೆಯೇ ಎಂದು ನೋಡಬೇಕು. ಐಸಿಎಂಆರ್ 2023ರಲ್ಲಿ ಇದನ್ನೇ ಮಾಡಿತು. 18ರಿಂದ 45 ವರ್ಷದವರಲ್ಲಿ, ಮೊದಲು ಗೊತ್ತಿರುವ ಕಾಯಿಲೆಯಿಲ್ಲದೆ ಹಠಾತ್ತನೆ ತೀರಿಕೊಂಡ 729 ಜನರನ್ನು ಅವರದೇ ನೆರೆಹೊರೆಯ, ಅದೇ ವಯೋಮಾನದ 2,916 ಜನರೊಂದಿಗೆ ಹೋಲಿಸಲಾಯಿತು. ದೇಶದ 47 ದೊಡ್ಡ ಆಸ್ಪತ್ರೆಗಳು ಇದರಲ್ಲಿ ಪಾಲ್ಗೊಂಡಿದ್ದವು. ಲಸಿಕೆಯಿಂದ ದಿಢೀರ್ ಸಾವಿನ ಸಾಧ್ಯತೆ ಹೆಚ್ಚಿದ್ದು ಕಂಡುಬರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಸಾಧ್ಯತೆ ಕಡಿಮೆಯೇ ಇತ್ತು. ಕುಟುಂಬದಲ್ಲಿ ಹಿಂದೆ ದಿಢೀರ್ ಸಾವಾಗಿದ್ದುದು, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದುದು, ಮಾದಕ ವಸ್ತು ಸೇವಿಸಿದ್ದು, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿ ಮದ್ಯ ಕುಡಿದದ್ದು ಅಥವಾ ವಿಪರೀತ ದೈಹಿಕ ಶ್ರಮ ಮಾಡಿದ್ದು ಸಾಧ್ಯತೆಯನ್ನು ಹೆಚ್ಚಿಸಿದ್ದವು. ಆರೋಗ್ಯದ ಬಗ್ಗೆ ಹೆಚ್ಚು ಎಚ್ಚರವಿರುವವರೇ ಎರಡು ಡೋಸ್ ಪೂರ್ತಿ ಮಾಡಿಕೊಂಡಿರಬಹುದಾದ್ದರಿಂದ, ಲಸಿಕೆಯೇ ದಿಢೀರ್ ಸಾವಿನಿಂದ ಕಾಪಾಡಿತು ಎಂದು ನಾನು ಈ ಅಧ್ಯಯನದಿಂದ ಹೇಳುವುದಿಲ್ಲ. ಆದರೆ ಲಸಿಕೆ ಯುವಕರನ್ನು ಗುಂಪುಗುಂಪಾಗಿ ಕೊಲ್ಲುತ್ತಿದ್ದಿದ್ದರೆ ಇಂತಹ ಹೋಲಿಕೆಯಲ್ಲಿ ಅದು ಅಡಗಿಕೊಂಡಿರಲು ಸಾಧ್ಯವಿರಲಿಲ್ಲ.

ಲಸಿಕೆಗಳಿಗೆ ಅಡ್ಡಪರಿಣಾಮವೇ ಇಲ್ಲ ಎಂದು ವಾದಿಸುವ ನಿಮ್ಮ ಇನ್ನೊಂದು ಬಣದ ಗೆಳೆಯರೂ ತಪ್ಪು ಹೇಳುತ್ತಿದ್ದಾರೆ. ಆಸ್ಟ್ರಾಜೆನೆಕಾ ಲಸಿಕೆ, ಅಂದರೆ ನಮ್ಮ ಕೋವಿಶೀಲ್ಡ್, ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟಿಸಿ ಪ್ಲೇಟ್‌ಲೆಟ್ ಕುಸಿಯುವಂತೆ ಮಾಡಬಲ್ಲದು. ಇದು 2021ರಲ್ಲೇ ವೈದ್ಯಕೀಯ ಜಗತ್ತಿಗೆ ತಿಳಿದಿತ್ತು, 2024ರಲ್ಲಿ ಬ್ರಿಟನ್ನಿನ ನ್ಯಾಯಾಲಯದ ದಾಖಲೆಗಳ ಮೂಲಕ ಮತ್ತೆ ಸುದ್ದಿಯಾಯಿತು. ಆದರೆ ಆ ತೊಂದರೆ ಕಾಣಿಸಿಕೊಳ್ಳುವುದು ಡೋಸ್ ಪಡೆದ ಕೆಲವು ದಿನಗಳಿಂದ ಆರೇಳು ವಾರಗಳೊಳಗೆ, ಅದೂ ಹೆಚ್ಚಾಗಿ ಮೆದುಳಿನ ಅಥವಾ ಹೊಟ್ಟೆಯ ಅಭಿಧಮನಿಗಳಲ್ಲಿ. ಫೈಜರ್, ಮಾಡರ್ನಾದಂತಹ ಲಸಿಕೆಗಳಿಂದ ಹದಿಹರೆಯದ ಹುಡುಗರಲ್ಲಿ ಹೃದಯ ಸ್ನಾಯುವಿನ ಉರಿಯೂತ ಕಂಡುಬಂದದ್ದೂ ನಿಜ. ನಮ್ಮಲ್ಲಿ ಕೊಟ್ಟದ್ದು ಹೆಚ್ಚಿನಂಶ ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್. 2021ರಲ್ಲಿ ಹಾಕಿಸಿಕೊಂಡ ಲಸಿಕೆ ನಾಲ್ಕು ವರ್ಷ ಸುಮ್ಮನಿದ್ದು 2025ರ ಜೂನ್‌ನಲ್ಲಿ ಹೃದಯದ ಅಪಧಮನಿಯಲ್ಲಿ ಹೆಪ್ಪುಗಟ್ಟಿಸುತ್ತದೆ ಎನ್ನುವುದಕ್ಕೂ, ಅದು ಹಾಸನವೊಂದನ್ನೇ ಆರಿಸಿಕೊಳ್ಳುತ್ತದೆ ಎನ್ನುವುದಕ್ಕೂ ಯಾವ ಆಧಾರವೂ ಇಲ್ಲ. ನೀವು ಎರಡು ಡೋಸ್ ಪಡೆದಿರುವ ಕಾರಣಕ್ಕೆ ಈಗ ಯಾವ ಪರೀಕ್ಷೆಯೂ ಬೇಕಿಲ್ಲ. ಮೊಬೈಲ್ ಟವರಿನ ತರಂಗಗಳಿಗೆ ಅಪಧಮನಿಯಲ್ಲಿ ಕೊಬ್ಬು ಶೇಖರಿಸುವ ಶಕ್ತಿಯಿಲ್ಲ. ಕೀಟನಾಶಕಗಳ ಅತಿಬಳಕೆ ಬೇರೆ ಹಲವು ಕಾರಣಗಳಿಗಾಗಿ ಚಿಂತಿಸಬೇಕಾದ ವಿಷಯ, ಆದರೆ ಈ ಸಾವುಗಳಿಗೆ ಅದನ್ನು ಗಂಟುಹಾಕುವಂತಹ ಪುರಾವೆ ಸಿಕ್ಕಿಲ್ಲ.

‘ನಿನ್ನೆಯವರೆಗೂ ಚೆನ್ನಾಗಿದ್ದ, ಹೋದ ವಾರ ಚೆಕಪ್ ಕೂಡ ಮಾಡಿಸಿದ್ದ’ ಎಂಬ ಮಾತೇ ಇಂತಹ ಊಹೆಗಳಿಗೆಲ್ಲ ಮೂಲವಾದ್ದರಿಂದ, ಹೃದಯಾಘಾತ ಆಗುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಅಪಧಮನಿಗಳ ಗೋಡೆಯೊಳಗೆ ಹದಿಹರೆಯದಿಂದಲೇ ಕೊಬ್ಬು ಸೇರತೊಡಗುತ್ತದೆ. ಅದರ ಮೇಲೆ ತೆಳುವಾದ ನಾರಿನ ಪೊರೆ ಬೆಳೆದಿರುತ್ತದೆ. ಈ ಉಬ್ಬು ರಕ್ತನಾಳದ ಮೂರನೇ ಒಂದು ಭಾಗವನ್ನೋ ಅರ್ಧವನ್ನೋ ಮುಚ್ಚಿರುವಾಗ ಮನುಷ್ಯನಿಗೆ ಏನೂ ಅನ್ನಿಸುವುದಿಲ್ಲ. ಗುಡ್ಡ ಹತ್ತಬಲ್ಲ, ಕಾಫಿ ಮೂಟೆ ಹೊರಬಲ್ಲ, ಟ್ರೆಡ್‌ಮಿಲ್ ಪರೀಕ್ಷೆಯಲ್ಲೂ ಪಾಸಾಗಬಲ್ಲ. ಒಂದು ದಿನ ಸಿಗರೇಟಿನ ಹೊಗೆ, ಏರಿದ ರಕ್ತದೊತ್ತಡ, ನಿದ್ದೆಗೆಟ್ಟ ರಾತ್ರಿ, ಇಂತಹ ಯಾವುದಾದರೊಂದು ಒತ್ತಡಕ್ಕೆ ಆ ತೆಳು ಪೊರೆ ಬಿರಿಯುತ್ತದೆ. ಒಳಗಿನ ಕೊಬ್ಬು ರಕ್ತಕ್ಕೆ ತಾಗಿದ ಕೂಡಲೇ ಗಾಯಕ್ಕೆ ಹೆಪ್ಪುಗಟ್ಟುವಂತೆ ಅಲ್ಲಿಯೂ ಹೆಪ್ಪುಗಟ್ಟಿ, ಅರ್ಧ ತೆರೆದಿದ್ದ ನಾಳ ನಿಮಿಷಗಳಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ರಕ್ತ ಸಿಗದ ಸ್ನಾಯು ಸಾಯತೊಡಗುತ್ತದೆ, ಅದರ ವಿದ್ಯುತ್ ಲಯ ತಪ್ಪಿದರೆ ಹೃದಯ ಕಂಪಿಸಿ ನಿಂತೇಬಿಡುತ್ತದೆ. ಸಾವು ದಿಢೀರನೆ ಬಂದರೂ ಅದರ ಹಿಂದಿನ ಕಾಯಿಲೆ ಹತ್ತಿಪ್ಪತ್ತು ವರ್ಷದ್ದು.

ಈ ಕಾಯಿಲೆ ನಮ್ಮನ್ನು ಬೇರೆಯವರಿಗಿಂತ ಬೇಗ ಹಿಡಿಯುತ್ತದೆ ಎಂಬುದು ಕೋವಿಡ್‌ಗೆ ಬಹಳ ಮುಂಚೆಯೇ ದಾಖಲಾಗಿರುವ ಸಂಗತಿ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಮಾಹಿತಿಯ ಪ್ರಕಾರ, ಮೊದಲ ಹೃದಯಾಘಾತಕ್ಕೆ ಒಳಗಾದವರ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ ಸರಾಸರಿ 53 ಇದ್ದರೆ, ಇತರರಲ್ಲಿ 58ರ ಮೇಲಿತ್ತು. ಧೂಮಪಾನ, ಕೊಲೆಸ್ಟ್ರಾಲ್, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಯ ಕೊರತೆ, ವ್ಯಾಯಾಮದ ಕೊರತೆ, ಮದ್ಯಪಾನದ ರೀತಿ ಎಂಬ ಒಂಬತ್ತು ಅಂಶಗಳೇ ಶೇ 90ರಷ್ಟು ಅಪಾಯಕ್ಕೆ ಕಾರಣವೆಂದು ಆ ಅಧ್ಯಯನ ತೋರಿಸಿತು. ರಾತ್ರಿಯಿಡೀ ಬಾಡಿಗೆ ಓಡಿಸಿ, ಬೀಡಿ ಹಚ್ಚಿ, ಗುಟ್ಕಾ ಹಾಕಿಕೊಂಡು ನಿದ್ದೆ ತಡೆಯುವ ಚಾಲಕರನ್ನು ಹಾಸನದ ಬಸ್ ನಿಲ್ದಾಣದ ಎದುರು ಯಾವ ದಿನ ಬೇಕಾದರೂ ನೋಡಬಹುದು. ಅವರಲ್ಲಿ ಮೂವತ್ತೈದು ವರ್ಷವಾದರೂ ಒಮ್ಮೆಯೂ ಬಿ.ಪಿ. ನೋಡಿಸಿಕೊಳ್ಳದವರು ಬೇಕಾದಷ್ಟು ಜನರಿದ್ದಾರೆ.

ಇಪ್ಪತ್ತರ ಆಸುಪಾಸಿನವರ ಸಾವು ಮಾತ್ರ ಬೇರೆಯೇ ವಿಷಯ. ಆ ವಯಸ್ಸಿನಲ್ಲಿ ಕೊಬ್ಬಿನ ತಡೆಗಿಂತ ಹುಟ್ಟಿನಿಂದ ಅಥವಾ ವಂಶದಿಂದ ಬಂದ ದೋಷಗಳು ಮುಖ್ಯವಾಗುತ್ತವೆ. ಹೃದಯದ ಸ್ನಾಯು ಅಸಹಜವಾಗಿ ದಪ್ಪಗಾಗುವ ಒಂದು ವಂಶವಾಹಿ ಕಾಯಿಲೆ ಐನೂರರಲ್ಲಿ ಒಬ್ಬರಿಗೆ ಇರುತ್ತದೆ. ಹೃದಯದ ವಿದ್ಯುತ್ ಲಯದ ದೋಷಗಳಿವೆ, ವೈರಾಣು ಸೋಂಕಿನಿಂದ ಸ್ನಾಯುವಿಗೆ ಬರುವ ಉರಿಯೂತವೂ ಇದೆ. ತುರ್ತು ವಿಭಾಗದ ಹೊರಗೆ ಇಂತಹ ಸಾವು ಎದುರಾದಾಗ ಮನೆಯವರು ಕೈಮುಗಿದು ಕೇಳುವುದು ಒಂದೇ ಮಾತು: ‘ಕುಯ್ಯುವುದು ಬೇಡ ಸಾರ್, ಹಾಗೇ ಕೊಟ್ಟುಬಿಡಿ.’ ಅವರ ನೋವು ಅರ್ಥವಾಗುತ್ತದೆ. ಆದರೆ ಸ್ಟ್ರೆಚರಿನ ಕಾಲ ಬಳಿ, ಅಣ್ಣನ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿರುವ ತಮ್ಮನೂ ಅಲ್ಲೇ ಇರುತ್ತಾನೆ. ಅಣ್ಣ ಸತ್ತದ್ದು ವಂಶದ ದೋಷದಿಂದಾಗಿದ್ದರೆ ಅದು ತಮ್ಮನಲ್ಲಿಯೂ ಇರುವ ಸಾಧ್ಯತೆ ಎಷ್ಟೋ ಬಾರಿ ಎರಡರಲ್ಲಿ ಒಂದು. ಮರಣೋತ್ತರ ಪರೀಕ್ಷೆ ನಡೆದರೆ, ಒಂದು ಇಸಿಜಿ, ಒಂದು ಎಕೋ ಪರೀಕ್ಷೆ ಮಾಡಿ ಅವನನ್ನು ಉಳಿಸಿಕೊಳ್ಳುವ ದಾರಿ ತೆರೆಯುತ್ತದೆ. ನಡೆಯದಿದ್ದರೆ ಸಾವಿನ ಕಾರಣ ಮಣ್ಣಿಗೆ ಹೋಗಿ, ಆ ಜಾಗದಲ್ಲಿ ಲಸಿಕೆಯ ಊಹೆ ಬಂದು ಕೂರುತ್ತದೆ. ನಿಮ್ಮ ಗುಂಪಿನವರಿಗೆ ನಿಜಕ್ಕೂ ಕಾರಣ ತಿಳಿಯಬೇಕೆಂಬ ಆಸೆಯಿದ್ದರೆ, ತಮ್ಮ ಊರಿನಲ್ಲಿ ಇಂತಹ ಸಾವು ಸಂಭವಿಸಿದಾಗ ಮರಣೋತ್ತರ ಪರೀಕ್ಷೆಗೆ ಮನೆಯವರನ್ನು ಒಪ್ಪಿಸುವ ಕೆಲಸಕ್ಕೆ ಮುಂದಾಗಲಿ ಎಂದು ಬೇಡಿಕೊಳ್ಳುತ್ತೇನೆ.

ಈಗ ನಮ್ಮ ಜಿಲ್ಲೆಯಲ್ಲಿ ತಪ್ಪಿಸಬಹುದಾದ ಸಾವುಗಳಿಗೆ ಅತಿ ದೊಡ್ಡ ಕಾರಣವೆಂದು ನನಗೆ ಮನವರಿಕೆಯಾಗಿರುವ ಸಂಗತಿಗೆ ಬರುತ್ತೇನೆ. ಅದು ತಡ. ಎದೆನೋವನ್ನು ‘ಗ್ಯಾಸ್ಟ್ರಿಕ್’ ಎಂದು ಕರೆದು ಕಳೆದುಕೊಳ್ಳುವ ಗಂಟೆಗಳು. ನಾನು ಮತ್ತೆ ಮತ್ತೆ ಕಾಣುವ ಪ್ರಕರಣ ಹೀಗಿರುತ್ತದೆ: ಬೆಳಗಿನ ಜಾವ ನಾಲ್ಕು ಗಂಟೆಗೆ ಎದೆಯ ನಡುವೆ ಹಿಂಡಿದಂತೆ ನೋವು, ಮೈಯೆಲ್ಲ ತಣ್ಣನೆ ಬೆವರು. ಮನೆಯವರು ಜೀರಿಗೆ ನೀರು ಕೊಡುತ್ತಾರೆ, ಬೆಳಕು ಹರಿದ ಮೇಲೆ ಅಂಗಡಿಯಿಂದ ಸೋಡಾ, ಈನೋ ತರುತ್ತಾರೆ. ಎರಡು ತೇಗು ಬಂದರೆ ಗ್ಯಾಸೇ ಎಂದು ಸಮಾಧಾನ. ಎಂಟು ಗಂಟೆಗೆ ಮೆಡಿಕಲ್ ಶಾಪಿನಲ್ಲಿ ಗ್ಯಾಸ್ ಮಾತ್ರೆ. ಹತ್ತು ಗಂಟೆಗೆ ಹಸುವಿನ ಹಾಲು, ಡೇರಿ ಕೆಲಸ ಎಲ್ಲ ಮುಗಿಸಿ ಬೈಕಿನ ಹಿಂದೆ ಕೂರಿಸಿಕೊಂಡು ಬರುತ್ತಾರೆ. ಇಸಿಜಿ ಕಾಗದದ ಮೇಲೆ ವಿ-2, ವಿ-3, ವಿ-4 ಎಂದು ಬರೆದಿರುವ ಗೆರೆಗಳು ತಳಮಟ್ಟ ಬಿಟ್ಟು ಮೇಲಕ್ಕೆ ಉಬ್ಬಿ ನಿಂತಿರುತ್ತವೆ. ಹೃದಯದ ಮುಂಭಾಗದ ದೊಡ್ಡ ನಾಳ ಮುಚ್ಚಿದೆ ಎಂದು ಅದನ್ನು ನೋಡಿದ ಕೂಡಲೇ ತಿಳಿಯುತ್ತದೆ, ನೋವು ಶುರುವಾಗಿ ಆರು ಗಂಟೆ ಕಳೆದಿರುತ್ತದೆ. ನಾಲ್ಕೂವರೆಗೆ ಬಂದಿದ್ದರೆ ಉಳಿಸಬಹುದಾಗಿದ್ದ ಸ್ನಾಯುವಿನಲ್ಲಿ ಹೆಚ್ಚಿನ ಭಾಗ ಅಷ್ಟರಲ್ಲಿ ಸತ್ತಿರುತ್ತದೆ.

ಹೆಪ್ಪನ್ನು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ಚುಚ್ಚುಮದ್ದು ಇದೆ. ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಒಂದೇ ಬಾರಿ ಕೊಟ್ಟರೆ ಸಾಕು. ನೋವು ಶುರುವಾದ ಮೊದಲ ಎರಡು ಮೂರು ಗಂಟೆಗಳಲ್ಲಿ ಅದರ ಫಲ ಅತಿ ಹೆಚ್ಚು, ಹನ್ನೆರಡು ಗಂಟೆಗಳ ಬಳಿಕ ಹೆಚ್ಚಿನ ಪ್ರಯೋಜನವಿಲ್ಲ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಈ ಮದ್ದನ್ನು ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಅಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಆನ್‌ಲೈನ್‌ನಲ್ಲಿ ನೋಡಿ ಸಲಹೆ ಕೊಡುತ್ತಾರೆ. ಎದೆನೋವು ಬಂದರೆ ಬೇಲೂರಿನಿಂದ ಹಾಸನಕ್ಕೆ 40 ಕಿ.ಮೀ., ಅಲ್ಲಿಂದ ಮೈಸೂರಿಗೆ 120 ಕಿ.ಮೀ. ಎಂದು ನೇರವಾಗಿ ದೊಡ್ಡ ಆಸ್ಪತ್ರೆಗೆ ಓಡುವುದಕ್ಕಿಂತ, ಮೊದಲು ನಿಮ್ಮದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಹತ್ತು ನಿಮಿಷದಲ್ಲಿ ಇಸಿಜಿ ಮಾಡಿಸಿ. ಮೊದಲ ಇಸಿಜಿ ಸರಿಯಿದ್ದರೂ ನೋವು ಹೋಗದಿದ್ದರೆ ಅಲ್ಲೇ ಉಳಿದು ಮತ್ತೊಮ್ಮೆ ಮಾಡಿಸಬೇಕು. ಮಧುಮೇಹಿಗಳಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಏದುಸಿರು, ವಿಪರೀತ ಸುಸ್ತು, ದವಡೆಯ ಅಥವಾ ಬೆನ್ನಿನ ನೋವು ಇರಬಹುದು ಎಂಬುದನ್ನು ನಿಮ್ಮ ತಾಯಿಯವರಿಗೂ ಪತ್ನಿಯವರಿಗೂ ಹೇಳಿಡಿ.

ನಿಮ್ಮ ಗುಂಪಿನಲ್ಲಿ ಖಂಡಿತವಾಗಿ ಓಡಾಡಿರಬಹುದಾದ ಎರಡು ಸಂದೇಶಗಳ ಬಗ್ಗೆಯೂ ಹೇಳಬೇಕು. ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿದ್ದರೆ ಬದುಕುತ್ತೀರಿ ಎಂಬುದು ಒಂದು. ಅದು ಸುಳ್ಳು, ಕೆಮ್ಮುತ್ತಾ ಕೂತವರು ಅಮೂಲ್ಯ ನಿಮಿಷಗಳನ್ನು ಕಳೆದುಕೊಳ್ಳುತ್ತಾರೆ. ಜೇಬಿನಲ್ಲಿ ಮೂರು ಮಾತ್ರೆಗಳ ಕಿಟ್ ಇಟ್ಟುಕೊಳ್ಳಿ ಎಂಬುದು ಇನ್ನೊಂದು. ಅದರಲ್ಲಿ ಆಸ್ಪಿರಿನ್ ಮಟ್ಟಿಗೆ ಮಾತು ಸರಿ: ಹೃದಯದ ನೋವೆಂಬ ಬಲವಾದ ಸಂದೇಹವಿದ್ದು, ಆಸ್ಪಿರಿನ್ ಅಲರ್ಜಿಯಾಗಲಿ ರಕ್ತಸ್ರಾವದ ತೊಂದರೆಯಾಗಲಿ ಇಲ್ಲದಿದ್ದರೆ, 300 ಮಿಲಿಗ್ರಾಂನಷ್ಟು ಆಸ್ಪಿರಿನ್ ಅಗಿದು ನುಂಗಿ 108ಕ್ಕೆ ಕರೆ ಮಾಡಬಹುದು. ಆದರೆ ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ ಕೆಲವು ಬಗೆಯ ಹೃದಯಾಘಾತಗಳಲ್ಲಿ ರಕ್ತದೊತ್ತಡವನ್ನು ಪಾತಾಳಕ್ಕೆ ಇಳಿಸಿಬಿಡುತ್ತದೆ. ವೈದ್ಯರು ನಿಮಗೆಂದೇ ಬರೆದುಕೊಟ್ಟಿರದಿದ್ದರೆ ಅದನ್ನು ಮುಟ್ಟಬೇಡಿ. ಕಣ್ಣೆದುರೇ ಯಾರಾದರೂ ಕುಸಿದುಬಿದ್ದು, ಕರೆದರೆ ಓಗೊಡದೆ, ಉಸಿರಾಟವೂ ಸರಿಯಾಗಿ ಇಲ್ಲದಿದ್ದರೆ, ಎದೆಯ ಮಧ್ಯೆ ಎರಡೂ ಕೈಗಳಿಂದ ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದಂತೆ ಒತ್ತುತ್ತಾ ಇರಬೇಕು. ಆಂಬುಲೆನ್ಸ್ ಬರುವವರೆಗೆ ಅದನ್ನು ನಿಲ್ಲಿಸಬಾರದು.

ನಿಮ್ಮ ಸ್ವಂತ ಪ್ರಶ್ನೆಗೆ ಬಂದರೆ, ಯಾವ ಲಕ್ಷಣವೂ ಇಲ್ಲದ ನಿಮಗೆ ಆಂಜಿಯೋಗ್ರಾಂ ಬೇಡ. 2025ರ ಜುಲೈನಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಹಾಸನದ ಕಡೆಯ ಜನರೂ ಸೇರಿದಂತೆ ಸಾವಿರಾರು ಜನ ತಪಾಸಣೆಗಾಗಿ ಸಾಲುಗಟ್ಟಿ ನಿಂತಿದ್ದರು. ಅವರಲ್ಲಿ ಬಹುತೇಕರಿಗೆ ಬೇಕಿದ್ದ ಪರೀಕ್ಷೆಗಳು ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ಆಗುವಂಥವು. ನೀವು ಬಿ.ಪಿ. ನೋಡಿಸಿ, ಸಕ್ಕರೆಗೆ ಎಚ್‌ಬಿಎ1ಸಿ ಮಾಡಿಸಿ, ಕೊಲೆಸ್ಟ್ರಾಲಿಗೆ ಲಿಪಿಡ್ ಪ್ರೊಫೈಲ್ ಮಾಡಿಸಿ, ಟೇಪು ಹಿಡಿದು ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ನೋಡಿ. ನಮ್ಮ ಗಂಡಸರಿಗೆ 90 ಸೆಂ.ಮೀ. ದಾಟಬಾರದು. ನಿಮ್ಮ ತಂದೆ, ಅಣ್ಣತಮ್ಮಂದಿರಲ್ಲಿ 55ಕ್ಕೆ ಮುಂಚೆ, ತಾಯಿ, ಅಕ್ಕತಂಗಿಯರಲ್ಲಿ 65ಕ್ಕೆ ಮುಂಚೆ ಯಾರಿಗಾದರೂ ಹೃದಯಾಘಾತವಾಗಿದ್ದರೆ ವೈದ್ಯರಿಗೆ ಅದನ್ನು ಮೊದಲೇ ಹೇಳಿ. ಆಗ ಲಿಪೊಪ್ರೋಟೀನ್-ಎ ಎಂಬ ರಕ್ತ ಪರೀಕ್ಷೆಯನ್ನೂ ಜೀವಮಾನದಲ್ಲಿ ಒಮ್ಮೆ ಮಾಡಿಸುವುದು ಒಳ್ಳೆಯದು. ಆರಾಮವಾಗಿ ಮಲಗಿರುವಾಗ ತೆಗೆದ ಇಸಿಜಿ ಸರಿಯಾಗಿದೆ ಎಂದರೆ ತಡೆಯಿಲ್ಲ ಎಂಬ ಖಾತರಿಯಲ್ಲ. ಧೂಮಪಾನ, ಗುಟ್ಕಾ, ಹೊಗೆಸೊಪ್ಪು ಯಾವುದಿದ್ದರೂ ಇಂದೇ ಬಿಡಬೇಕು, ಏಕೆಂದರೆ ನಲವತ್ತರ ಒಳಗಿನ ಹೃದಯಾಘಾತಗಳಲ್ಲಿ ತಂಬಾಕಿನಷ್ಟು ಮತ್ತೆ ಮತ್ತೆ ನನ್ನೆದುರು ಬರುವ ಕಾರಣ ಇನ್ನೊಂದಿಲ್ಲ.

ವಾಲಿಬಾಲ್ ಬಿಡಬೇಡಿ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡಾಗಿನಿಂದ ವ್ಯಾಯಾಮದ ಬಗ್ಗೆ ನಮ್ಮ ಜನರಲ್ಲಿ ಒಂದು ಭಯ ಮನೆಮಾಡಿದೆ. ವರ್ಷಗಟ್ಟಲೆ ಕುಳಿತೇ ಇದ್ದವನು ಒಂದು ದಿನ ಎದ್ದು ವಿಪರೀತ ಶ್ರಮ ಮಾಡಿದರೆ ಅಪಾಯ ಹೆಚ್ಚುತ್ತದೆ ಎಂಬುದು ನಿಜ. ವಾರದಲ್ಲಿ ನಾಲ್ಕೈದು ದಿನ ಆಡುವವನಿಗೆ ಅದೇ ಶ್ರಮದಿಂದ ಬರುವ ಅಪಾಯ ಬಹಳ ಕಡಿಮೆ, ಒಟ್ಟಾರೆ ಲಾಭ ಬಹಳ ಹೆಚ್ಚು. ಆಡುವಾಗ ಎದೆ ಬಿಗಿದರೆ, ಕಣ್ಣು ಕತ್ತಲೆ ಬಂದರೆ, ಮೂರ್ಛೆ ಹೋದರೆ ಆಟ ಅಲ್ಲಿಗೇ ನಿಲ್ಲಿಸಿ ಪರೀಕ್ಷೆ ಆಗುವವರೆಗೆ ಅಂಕಣಕ್ಕೆ ಇಳಿಯಬಾರದು. ಜ್ವರ ಇರುವಾಗ, ಹಿಂದಿನ ರಾತ್ರಿ ಕುಡಿದಿದ್ದಾಗ ಆಡಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಕಳವಳ ಉಂಟುಮಾಡಿದ್ದು ನಿಮ್ಮ ತಂದೆಯವರ ವಿಷಯ. ಈ ವಾದದಿಂದ ಇಂದೇ ಅಪಾಯಕ್ಕೆ ಸಿಲುಕಿರುವವರು ಅವರೊಬ್ಬರೇ. ಮೇಲಿನ ರಕ್ತದೊತ್ತಡವನ್ನು 10 ಅಂಕೆಯಷ್ಟು ಇಳಿಸಿದರೆ ಹೃದಯಾಘಾತ, ಪಾರ್ಶ್ವವಾಯುಗಳಂತಹ ದೊಡ್ಡ ಆಪತ್ತುಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತವೆ ಎಂಬುದು ಲಕ್ಷಾಂತರ ರೋಗಿಗಳ ಮೇಲೆ ನಡೆದ ಪ್ರಯೋಗಗಳಿಂದ ಸಿದ್ಧವಾಗಿದೆ. ಮಾತ್ರೆ ಹೃದಯವನ್ನು ಹಾಳುಮಾಡುವುದಿಲ್ಲ. ಬಿಟ್ಟ ಮಾತ್ರೆ ಮೆದುಳು, ಮೂತ್ರಪಿಂಡ, ಹೃದಯ ಮೂರನ್ನೂ ಸದ್ದಿಲ್ಲದೆ ಹಾಳುಮಾಡುತ್ತದೆ. ಹಾಗೆಂದು ಹಳೆಯ ಚೀಟಿಯಲ್ಲಿದ್ದ ಎಲ್ಲ ಮಾತ್ರೆಗಳನ್ನು ಹಳೆಯ ಪ್ರಮಾಣದಲ್ಲೇ ನೀವಾಗಿ ಶುರು ಮಾಡಿಸಬೇಡಿ, ಬಿಟ್ಟು ಎಷ್ಟು ದಿನವಾಯಿತೆಂಬುದರ ಮೇಲೆ ಅದನ್ನು ವೈದ್ಯರು ನಿರ್ಧರಿಸಬೇಕು. ನಾಳೆಯೇ ಅವರನ್ನು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಬಿ.ಪಿ., ಮಧುಮೇಹದಂತಹ ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ. ಖಾಲಿಯಾದ ಮಾತ್ರೆ ಪಟ್ಟಿಗಳನ್ನೂ ಹಳೆಯ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಮನೆಯಲ್ಲಿ ಬಿ.ಪಿ. ಯಂತ್ರವಿದ್ದರೆ, ಕಾಫಿ ಕುಡಿದು ಅರ್ಧ ಗಂಟೆಯಾದ ಮೇಲೆ, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂರಿಸಿ, ತೋಳು ಎದೆಯ ಮಟ್ಟದಲ್ಲಿರುವಂತೆ ಇಟ್ಟು, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ ಒಂದು ವಾರ ಬರೆದಿಡಿ. ಮನೆಯಲ್ಲಿ ನೋಡಿದಾಗ ಸರಾಸರಿ 135/85ಕ್ಕಿಂತ ಕಡಿಮೆ ಇರಬೇಕು. ಅದು 180/110 ದಾಟಿದ್ದು, ಜೊತೆಗೆ ತಲೆನೋವು, ಎದೆನೋವು, ಉಸಿರುಗಟ್ಟುವುದು, ಮಾತು ತೊದಲುವುದು, ಕೈಕಾಲಿನ ಬಲಹೀನತೆ ಇವುಗಳಲ್ಲಿ ಯಾವುದಾದರೂ ಇದ್ದರೆ ಕ್ಲಿನಿಕ್ಕಿನ ಸಮಯಕ್ಕೆ ಕಾಯದೆ ಆ ಕ್ಷಣವೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.